ಮೋಡ ಇಳಿದಾಗ ‘ಬಾ’ ಅನ್ನಬಾರದು

ಇಲಾಖೆಗೆ ಹೊಸದಾಗಿ ಗಾರ್ಡ್ ಆಗಿ ಸೇರಿದ ಕೆಲವು ಹುಡುಗರು ಮೊನ್ನೆ ಡಂಬಳಕ್ಕೆ, ನಮ್ಮ ಮನೆಗೆ ಬಂದಿದ್ದರು. ಚಹಾ ಕುಡಿದು, ‘ಕಾಕಾ, ಕಪ್ಪತಗುಡ್ಡದಾಗ ಚಿರತಿ ಭಾಳ ಅದಾವೇನ್ರಿ?’ ಎಂದು ಕೇಳಿದರು. ಎಲ್ಲರೂ ಮೊದಲು ಕೇಳುವುದು ಚಿರತೆಯನ್ನೇ. ನಾನು ಸೇವೆಯಲ್ಲಿದ್ದಷ್ಟು ಕಾಲ ಅಲ್ಲಿ ಚಿರತೆ ಒಬ್ಬ ಮನುಷ್ಯನನ್ನೂ ಮುಟ್ಟಿದ್ದನ್ನು ನೋಡಲಿಲ್ಲ. ಜನರನ್ನು ಕೆಡವಿದ್ದು ಅವರವರ ಕಣ್ಣು, ಅವರವರ ಕಿವಿ, ಅವರವರ ಕಾಲು. ಹಾಗೆಂದು ಹೇಳಿದೆ. ಹುಡುಗರು ಮುಖ ಮುಖ ನೋಡಿಕೊಂಡರು. ಅರವತ್ತಕ್ಕೆ ಅರಳುಮರಳು ಅಂದುಕೊಂಡಿರಬೇಕು. ಅದಕ್ಕೇ ಈಗ ಬರೆಯಲು ಕುಳಿತಿದ್ದೇನೆ.

ನನ್ನ ಹೆಸರು ರಾಜೇಸಾಬ. ಸೇವೆಯ ಬಹುಭಾಗ ಕಪ್ಪತಗುಡ್ಡದಲ್ಲೇ ಸವೆಯಿತು. ಯಾವಾಗ ಬಡ್ತಿ ಬಂತು, ಅದನ್ನು ಯಾರು ತಪ್ಪಿಸಿದ್ದರು ಎಂಬ ಪುರಾಣ ಇಲ್ಲಿ ಬೇಡ. ಅದನ್ನು ನನ್ನ ಹೆಂಡತಿ ನನಗಿಂತ ಚೆನ್ನಾಗಿ, ರಾಗವಾಗಿ ಹೇಳುತ್ತಾಳೆ. ಕಟ್ಟಿಗೆ ಕಳ್ಳರು, ಬೆಂಕಿ, ಕುರಿಗಾರರ ಜೊತೆ ಜಗಳ, ಇವು ಎಲ್ಲ ಗಾರ್ಡುಗಳ ಬಾಯಲ್ಲೂ ಇರುವ ಕಥೆಗಳು. ನನ್ನ ಪಾಲಿಗೆ ಬಂದ ಕೆಲಸ ಸ್ವಲ್ಪ ಬೇರೆ. ಚಾರಣಕ್ಕೆ ಬರುವವರನ್ನು ಗುಡ್ಡ ಹತ್ತಿಸಿ, ಕೈಕಾಲು ನೆಟ್ಟಗಿರುವಂತೆ ಇಳಿಸಿ ಮನೆಗೆ ಕಳಿಸುವುದು. ಯಾರಾದರೂ ಕಳೆದುಹೋದರೆ ಹುಡುಕುವುದು.

ಕಪ್ಪತಗುಡ್ಡ ಎತ್ತರದ ಗುಡ್ಡವಲ್ಲ. ಎರೆಹೊಲಗಳ ನಡುವೆ ಗದಗ, ಶಿರಹಟ್ಟಿ, ಮುಂಡರಗಿ ಕಡೆಗೆಲ್ಲ ಮೈಚಾಚಿ ಮಲಗಿದೆ. ಯಾರಿಗೂ ಅದರ ಹೆದರಿಕೆ ಇಲ್ಲ, ಅಪಾಯ ಇರುವುದೇ ಅಲ್ಲಿ. ಹಿಮಾಲಯಕ್ಕೆ ಹೋಗುವವನು ಹಗ್ಗ ಕೊಂಡು ಹೋಗುತ್ತಾನೆ. ನಮ್ಮಲ್ಲಿಗೆ ಬರುವವನು ಹವಾಯಿ ಚಪ್ಪಲಿ ಹಾಕಿಕೊಂಡು, ಒಂದು ಚೀಲ ಚುರುಮರಿ ಕಟ್ಟಿಕೊಂಡು ಬರುತ್ತಾನೆ.

ದೂರದ ಗುಡ್ಡ ಕಣ್ಣಿಗೆ ನುಣ್ಣಗೆ ಅನ್ನುತ್ತಾರೆ. ಹತ್ತಿರದ ಗುಡ್ಡ ಹೊತ್ತಿಗೊಂದು ರೂಪ ತೋರಿಸುತ್ತದೆ ಎಂಬುದನ್ನು ಯಾರೂ ಹೇಳುವುದಿಲ್ಲ. ಒಮ್ಮೆ ಗದಗಿನ ಬಟ್ಟೆ ವ್ಯಾಪಾರಿಗಳ ಗುಂಪೊಂದು ಬಂದಿತ್ತು. ಬೆಳಿಗ್ಗೆ ನಗುತ್ತ, ಹಾಡುತ್ತ ಒಂದು ಇಳಿಜಾರು ಹತ್ತಿದರು. ಇಡೀ ದಿನ ಬಿಸಿಲಲ್ಲಿ ಅಲೆದು, ನೀರು ಖಾಲಿಯಾಗಿ, ಅದೇ ಇಳಿಜಾರಿನ ತಲೆಯ ಮೇಲೆ ಬಂದು ನಿಂತಾಗ ಅವರ ಮುಖ ಬಿಳಿಚಿಕೊಂಡಿತು. ‘ರಾಜೇಸಾಬ, ಮುಂಜಾನಿ ಹತ್ತಿದ ದಾರಿ ಇದಲ್ಲ. ಇದು ಗ್ವಾಡಿ ಇದ್ದಂಗ ಐತಿ. ನೀವು ದಾರಿ ತಪ್ಪೀರಿ’ ಎಂದು ಒಬ್ಬ ಜಗಳಕ್ಕೆ ನಿಂತ. ಬೆಳಿಗ್ಗೆ ಅವನೇ ಉಗುಳಿದ ಎಲೆ ಅಡಿಕೆಯ ಕೆಂಪು ಕಲೆ ಕಲ್ಲಿನ ಮೇಲಿತ್ತು. ಅದನ್ನು ತೋರಿಸಿದೆ. ‘ಅದು ಬ್ಯಾರೆ ಯಾರದೋ’ ಅಂದ! ದಣಿದ ಮೈಗೆ ಗುಡ್ಡ ನಿಜಕ್ಕೂ ಕಡಿದಾಗಿ ಕಾಣುತ್ತದೆ. ಅವನು ಸುಳ್ಳು ಹೇಳುತ್ತಿರಲಿಲ್ಲ, ಅವನ ಕಣ್ಣಿಗೆ ಅದು ಗೋಡೆಯೇ ಆಗಿತ್ತು. ಕಡೆಗೆ ಇಬ್ಬರು ನನ್ನ ಮಾತು ಬಿಟ್ಟು ಬೇರೆ ಕಡೆ ಇಳಿದು ಮುಳ್ಳುಕಂಟಿಯಲ್ಲಿ ಸಿಕ್ಕಿಕೊಂಡರು. ಅವರ ಪ್ಯಾಂಟು ಬಿಡಿಸಲು ನಮಗೆ ಸಂಜೆಯಾಯಿತು.

ಇದು ನಗುವ ಮಾತಾಯಿತು. ಲಕ್ಷ್ಮೇಶ್ವರದ ಗಣಿತ ಮಾಸ್ತರರ ಪ್ರಸಂಗದಲ್ಲಿ ನನಗೆ ನಗು ಬರಲಿಲ್ಲ. ಶಾಲೆಯ ಮಕ್ಕಳ ಮುಂದೆ ಹುರುಪಿನಿಂದ ಒಂದು ದೊಡ್ಡ ಬಂಡೆಯನ್ನು ಅರ್ಧದವರೆಗೆ ಹತ್ತಿದ ಮನುಷ್ಯ, ಅಲ್ಲಿಗೆ ನಿಂತುಬಿಟ್ಟರು. ಮೇಲೂ ಇಲ್ಲ, ಕೆಳಗೂ ಇಲ್ಲ. ನಾನು ಹಿಂದಿನಿಂದ ಹತ್ತಿ ಅವರ ಹಿಮ್ಮಡಿಯ ಹತ್ತಿರ ತಲುಪಿದೆ. ಮಾಸ್ತರರು ಮೇಲೆ ನೋಡುತ್ತ ಹೇಳಿದರು:

‘ರಾಜೇಸಾಬ, ಕಲ್ಲು ಮೈಮ್ಯಾಲೆ ಬೀಳಾಕತ್ತೈತಿ. ಮಕ್ಕಳನ್ನ ದೂರ ಕಳಸ್ರಿ.’

ನಾನೂ ಮೇಲೆ ನೋಡಿದೆ. ಖರೆ ಹೇಳುತ್ತೇನೆ, ಬಂಡೆ ನಮ್ಮ ಮೇಲೆ ಬಾಗುತ್ತಿತ್ತು. ಮೆಲ್ಲಗೆ, ನಿಲ್ಲದೆ ಬಾಗುತ್ತಲೇ ಇತ್ತು. ನಾನು ತಲೆ ತಗ್ಗಿಸಿ ಕಣ್ಣು ಮುಚ್ಚಿಕೊಂಡೆ. ಏನೂ ಬೀಳಲಿಲ್ಲ. ಮತ್ತೆ ಕಣ್ಣು ತೆರೆದಾಗ ಗೊತ್ತಾಯಿತು, ಮೋಡಗಳು ನಮ್ಮ ತಲೆಯ ಮೇಲಿಂದ ಬಂಡೆಯ ನೆತ್ತಿಯ ಹಿಂದಕ್ಕೆ ಓಡುತ್ತಿದ್ದವು. ಕಣ್ಣು ಓಡುವ ಮೋಡವನ್ನು ನಿಲ್ಲಿಸಿ, ನಿಂತ ಬಂಡೆಯನ್ನು ಓಡಿಸುತ್ತಿತ್ತು. ಕಾರಣ ಗೊತ್ತಾದ ಮೇಲೂ ಮೇಲೆ ನೋಡಿದರೆ ಬಂಡೆ ಬಾಗುತ್ತಲೇ ಇತ್ತು! ಗೊತ್ತಾದರೆ ಹೆದರಿಕೆ ಹೋಗುತ್ತದೆ ಅನ್ನುವವರು ಅಲ್ಲಿಗೆ ಬಂದು ನಿಲ್ಲಬೇಕು.

‘ಮಾಸ್ತರ, ಮ್ಯಾಲೆ ನೋಡಬ್ಯಾಡ್ರಿ. ನಿಮ್ಮ ಕೈ ಹತ್ರ ಇರುವಿ ಹೊಂಟಾವು, ಅವು ಎತ್ತಾಗ ಹೊಂಟಾವ ಹೇಳ್ರಿ’ ಎಂದೆ. ಅವರು ಇರುವೆ ನೋಡಿದರು. ‘ಎಡಕ್ಕ ಹೊಂಟಾವು’ ಅಂದರು. ‘ಹಂಗಾದ್ರ ಎಡಗಾಲು ಕೆಳಗ ಇಡ್ರಿ’ ಎಂದೆ. ಆ ಹೊತ್ತಿಗೆ ಅವರಿಗೆ ತಮ್ಮ ಎಡಗಾಲು ಯಾವುದೆಂದು ತಿಳಿಯಲಿಲ್ಲ. ಅವರ ಹಿಮ್ಮಡಿ ಹಿಡಿದು ಒಂದೊಂದೇ ಸೀಳಿನಲ್ಲಿ ಇಡುತ್ತ, ನಿಚ್ಚಣಿಕೆಯಿಂದ ಇಳಿಸಿದಂತೆ ಇಳಿಸಿದೆ. ನೆಲ ಮುಟ್ಟಿದ ಮೇಲೆ, ‘ಕಲ್ಲು ಅಳ್ಳಾಡಿದ್ದು ಖರೆ ಹೌದಲ್ರಿ?’ ಎಂದು ಕೇಳಿದರು. ‘ಹೌದ್ರಿ, ನಾನೂ ನೋಡಿದೆ’ ಎಂದೆ. ಕಂಡದ್ದನ್ನು ಇಲ್ಲ ಎಂದರೆ ಮನುಷ್ಯ ಇನ್ನಷ್ಟು ಹೆದರುತ್ತಾನೆ. ಹೊಸಬರು ಇದೊಂದನ್ನು ನೆನಪಿಡಿ. ಹೆದರಿದವನ ಹತ್ತಿರ ‘ಅಲ್ಲೇನೂ ಇಲ್ಲ’ ಎಂದು ವಾದಕ್ಕೆ ಇಳಿಯಬೇಡಿ, ಮೊದಲು ಕೆಳಗೆ ಇಳಿಸಿ.

ಗುಡ್ಡದ ನೆತ್ತಿಯ ಏಣಿನ ಮೇಲೆ ಗಾಳಿಯಂತ್ರಗಳು ಬಂದ ಮೇಲೆ ಹೊಸ ತಾಪತ್ರಯ ಶುರುವಾಯಿತು. ನಮ್ಮ ಕಡೆ ಅದಕ್ಕೆ ಫ್ಯಾನು ಅನ್ನುತ್ತಾರೆ. ಇಳಿಹೊತ್ತಿನಲ್ಲಿ ಅದರ ರೆಕ್ಕೆಯ ನೆರಳು ಹುಲ್ಲಿನ ಮೇಲೆ ಸರ್ರನೆ ಓಡಿಬಂದು ಮೈಮೇಲೆ ಹಾಯುತ್ತದೆ. ಅದು ನೆರಳೆಂದು ಗೊತ್ತಿದ್ದವನ ಕಾಲೂ ಪಕ್ಕಕ್ಕೆ ಜಿಗಿಯುತ್ತದೆ. ಪಕ್ಕದಲ್ಲಿ ಇಳಿಜಾರಿದ್ದರೆ ಜಿಗಿದ ಕಾಲು ಎಲ್ಲಿ ಹೋಗುತ್ತದೆ ಎಂದು ನಾನು ಹೇಳಬೇಕಿಲ್ಲ. ಬುದ್ಧಿ ಬಾಗಿಲು ತೆಗೆಯುವುದರೊಳಗೆ ಕಾಲು ಹಿತ್ತಲಿನಿಂದ ಓಡಿಹೋಗಿರುತ್ತದೆ. ಎಷ್ಟೋ ಜನ ಅಲ್ಲಿ ಹಿಮ್ಮಡಿ ಉಳುಕಿಸಿಕೊಂಡು ನನ್ನ ಹೆಗಲ ಮೇಲೆ ಇಳಿದಿದ್ದಾರೆ.

ಇನ್ನು ಮೋಡ. ಆಷಾಢ, ಶ್ರಾವಣದಲ್ಲಿ ಕಪ್ಪತಗುಡ್ಡದ ನೆತ್ತಿಗೆ ಮೋಡ ಇಳಿಯುತ್ತದೆ. ಕೆಳಗೆ ಹೊಲದಲ್ಲಿ ಹೆಸರುಕಾಯಿ ಬಿಡಿಸುವವರಿಗೆ ಬಿಸಿಲು, ಮೇಲೆ ನಮಗೆ ಚಾಚಿದ ಕೈ ಕಾಣುವುದಿಲ್ಲ. ಅದರೊಳಗೆ ಹೊಕ್ಕವನಿಗೆ ಮೊದಲು ಕಣ್ಣು ಹೋಗುತ್ತದೆ, ಆಮೇಲೆ ಕಾಲು ಹೋಗುತ್ತದೆ. ಬೇಕಾದರೆ ನಿಮ್ಮ ಅಂಗಳದಲ್ಲಿ ಒಂದೇ ಕಾಲ ಮೇಲೆ ನಿಂತು ನೋಡಿ, ನಿಲ್ಲುತ್ತೀರಿ. ಈಗ ಕಣ್ಣು ಮುಚ್ಚಿ. ಬೀಳುತ್ತೀರಿ. ನಾವು ನಿಲ್ಲುವುದು ಪಾದದ ಮೇಲೆ ಮಾತ್ರವಲ್ಲ, ಕಣ್ಣ ಮೇಲೂ ನಿಲ್ಲುತ್ತೇವೆ.

ದೇಸಾಯಿ ಸಾಹೇಬರು ಎಂಬ ರೇಂಜರ್ ಇದ್ದರು. ಒಳ್ಳೆಯ ಮನುಷ್ಯ, ದೊಡ್ಡ ದನಿ, ದೊಡ್ಡ ನಗು. ದೆವ್ವ ಭೂತ ಅಂದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಒಂದು ಶ್ರಾವಣದಲ್ಲಿ ನಾನೂ ಅವರೂ ಕಟ್ಟಿಗೆ ಕಳ್ಳರ ಸುಳಿವು ಹಿಡಿದು ಹೊರಟಾಗ ಮೋಡ ಇಳಿಯಿತು. ಸ್ವಲ್ಪ ನಡೆದ ಮೇಲೆ ಹಸಿ ಮಣ್ಣಿನಲ್ಲಿ ಹೆಜ್ಜೆಗಳು ಸಿಕ್ಕವು. ಸಾಹೇಬರು ಬಗ್ಗಿ ನೋಡಿ ಪಿಸುಗುಟ್ಟಿದರು:

‘ನೋಡ್ರಿ ರಾಜೇಸಾಬ, ಇದು ನಮ್ಮ ಇಲಾಖೆ ಬೂಟ. ನಮ್ಮವನ ಯಾವನೋ ಕಳ್ಳರ ಜೋಡಿ ಸೇರ್ಯಾನ. ಜೋಡಿಗೆ ಚಪ್ಪಲಿಯವ ಒಬ್ಬ ಅದಾನ.’

ಸದ್ದು ಮಾಡದೆ ಹಿಂಬಾಲಿಸಿದೆವು. ಮತ್ತಷ್ಟು ನಡೆದ ಮೇಲೆ ಹೆಜ್ಜೆಗಳು ದುಪ್ಪಟ್ಟಾದವು. ‘ಈಗ ನಾಕ ಮಂದಿ ಆಗ್ಯಾರ. ದೊಡ್ಡ ಗ್ಯಾಂಗ್ ಐತಿ’ ಎಂದರು ಸಾಹೇಬರು. ನನಗೆ ಯಾಕೋ ಅನುಮಾನ ಬಂತು. ಒಂದು ಚಪ್ಪಲಿ ಗುರುತಿನ ಮೇಲೆ ನನ್ನ ಕಾಲಿಟ್ಟೆ. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಸಾಹೇಬರು ನನ್ನ ಕಾಲು ನೋಡಿದರು, ತಮ್ಮ ಬೂಟು ನೋಡಿದರು. ಆಮೇಲೆ ಅವರು ನಕ್ಕ ನಗೆಗೆ ನವಿಲುಗಳು ಎದ್ದು ಹಾರಿದವು. ನೆಟ್ಟಗೆ ನಡೆದಿದ್ದೇವೆ ಎಂದುಕೊಂಡು ನಮ್ಮದೇ ಬೆನ್ನು ಹತ್ತಿ ಸುತ್ತುತ್ತಿದ್ದೆವು. ಕಣ್ಣಿಗೆ ದೂರದ ಗುರುತು ಇಲ್ಲದಿದ್ದರೆ ಯಾವ ಮನುಷ್ಯನೂ ನೆಟ್ಟಗೆ ನಡೆಯಲಾರ. ಈಗ ನಿಮ್ಮ ಕೈಯಲ್ಲಿ ದಾರಿ ತೋರಿಸುವ ಮೊಬೈಲು ಇದೆ, ಆಕಾಶದಿಂದ ನೋಡುವ ಡ್ರೋನು ಇದೆ. ಮೋಡದಲ್ಲಿ ಡ್ರೋನೂ ಕುರುಡು, ಗುಡ್ಡದ ಆ ಮಗ್ಗುಲಲ್ಲಿ ಮೊಬೈಲೂ ಮೂಕ.

ಅದೇ ಮಗ್ಗುಲಲ್ಲಿ, ಅದೇ ದೇಸಾಯಿ ಸಾಹೇಬರ ಕಾಲದಲ್ಲಿ ರೇಣುಕಾ ಕಳೆದುಹೋದದ್ದು.

ಗದಗಿನಲ್ಲಿ ನರ್ಸಿಂಗ್ ಓದುವ ಹುಡುಗಿಯರು ತಮ್ಮ ಮೇಡಂ ಜೊತೆಗೆ ಬಂದಿದ್ದರು. ಮೋಡ ಇಳಿಯುವ ಕಾಲ ಬೇಡ ಎಂದು ಹೇಳಿದ್ದೆವು. ರಜೆ ಇದೊಂದೇ ದಿನ ಅಂದರು. ಅದಕ್ಕೇ ನನ್ನ ಜೊತೆ ದೇಸಾಯಿ ಸಾಹೇಬರೂ ವಾಚರ್ ಹನಮಪ್ಪನೂ ಹೊರಟರು. ಬೆಳಿಗ್ಗೆ ಆಕಾಶ ತೊಳೆದಂತೆ ಇತ್ತು. ಮಧ್ಯಾಹ್ನದ ಬುತ್ತಿ ಬಿಚ್ಚುವ ಮೊದಲೇ ಏಣಿನ ಮೇಲೆ ಮೋಡ ಉರುಳಿಬಂತು. ನಾನು ಎಲ್ಲರನ್ನೂ ಸಾಲು ಹಿಡಿಸಿ, ಮುಂದಿನವಳ ದುಪಟ್ಟಾ ಹಿಡಿದುಕೊಳ್ಳಿ ಎಂದು ಹೇಳಿ ಇಳಿಸತೊಡಗಿದೆ. ಸಾಲಿನ ಕೊನೆಯಲ್ಲಿ ಇದ್ದವಳು ಕುರ್ತಕೋಟಿಯ ರೇಣುಕಾ. ಅವಳ ಮುಂದೆ ಲಕ್ಷ್ಮೇಶ್ವರದ ಶಮೀಮ. ಇಬ್ಬರೂ ಹಾಸ್ಟೆಲಿನಲ್ಲಿ ಒಂದೇ ಕೋಣೆಯವರು.

ಸಮತಟ್ಟು ಜಾಗಕ್ಕೆ ಬಂದು ತಿರುಗಿ ನೋಡಿದಾಗ ಶಮೀಮಳ ಹಿಂದೆ ಯಾರೂ ಇರಲಿಲ್ಲ.

‘ಚಾಚಾ, ಕಾಲಾಗ ಮುಳ್ಳು ಹೊಕ್ಕೈತಿ ಅಂತ ಆಕಿ ಕೈ ಬಿಟ್ಲ್ರಿ. ಆಮ್ಯಾಲೆ ನನ್ನ ಹಿಂದನ ಬಂದ್ಲು’ ಎಂದಳು ಶಮೀಮ. ‘ಹೆಜ್ಜಿ ಸಪ್ಪಳ ಕೇಳಾಕತ್ತಿತ್ರಿ. ನಾನು ನಿಂತ್ರ ಆಕೀನೂ ನಿಲ್ಲಾಕತ್ತಿದ್ಲು. ಇಲ್ಲೀತನಾ ಬಂದಾಳ್ರಿ ಆಕಿ!’

ಒದ್ದೆ ಹುಲ್ಲಿನಲ್ಲಿ ನಡೆಯುವಾಗ ನಮ್ಮದೇ ಬಟ್ಟೆಯ ಸಪ್ಪಳ ಮೋಡದೊಳಗೆ ಒಂದು ಕ್ಷಣ ತಡವಾಗಿ ಹಿಂದಿನಿಂದ ಬಂದಂತೆ ಕೇಳಿಸುತ್ತದೆ. ನನಗೂ ಎಷ್ಟೋ ಸಲ ಕೇಳಿಸಿದೆ. ಇಷ್ಟು ವರ್ಷವಾದರೂ ಅದು ಕೇಳಿಸಿದಾಗ ನಾನು ತಿರುಗಿ ನೋಡುತ್ತೇನೆ. ಪಾಪ, ಆ ಹುಡುಗಿ ಗೆಳತಿಯೇ ಬರುತ್ತಿದ್ದಾಳೆ ಎಂದು ನಂಬಿ, ಹಿಂದೆ ಇಲ್ಲದವಳನ್ನು ಬೆನ್ನಿಗೆ ಕಟ್ಟಿಕೊಂಡು ಇಳಿದಿದ್ದಳು.

ಹೆದರಿಕೆ ಇದ್ದದ್ದು ಒಂದೇ. ಆ ಮಗ್ಗುಲಲ್ಲಿ ಯಾವ ಕಾಲದಲ್ಲೋ ಬಂಗಾರಕ್ಕಾಗಿ ಅಗೆದು ಬಿಟ್ಟ ಹೊಂಡಗಳಿವೆ. ಬಾವಿಯಂತೆ ನೆಟ್ಟಗೆ ಕೆಳಗೆ ಇಳಿದಿವೆ. ಬಾಯಿ ಸುತ್ತ ಹುಲ್ಲು ಬೆಳೆದು ಒಳಕ್ಕೆ ಜೋತುಬಿದ್ದಿರುತ್ತದೆ. ಬಿಸಿಲಿದ್ದಾಗಲೇ ಗೊತ್ತಾಗುವುದಿಲ್ಲ. ಈ ಮೋಡದಲ್ಲಿ ರೇಣುಕಾ ದಾರಿ ಹುಡುಕಿ ಅತ್ತ ಇತ್ತ ನಡೆದರೆ ಮುಗಿಯಿತು. ಅಲ್ಲಿಂದ ಕೆಳಕ್ಕೆ ದಾರಿ ಕಾಣುತ್ತಿತ್ತು, ಉಳಿದ ಹುಡುಗಿಯರನ್ನು ಮೇಡಂ ಜೊತೆ ಕೆಳಗೆ ಜೀಪಿನ ಹತ್ತಿರ ಕಳಿಸಿದೆವು. ಶಮೀಮ ಮಾತ್ರ ಹೋಗಲು ಒಪ್ಪಲಿಲ್ಲ. ನಾನು, ದೇಸಾಯಿ ಸಾಹೇಬರು, ವಾಚರ್ ಹನಮಪ್ಪ ಹುಡುಕಲು ನಿಂತೆವು.

ಹುಡುಕುವ ರೀತಿ ಆಗ ಎಲ್ಲರಿಗೂ ಗೊತ್ತಿದ್ದದ್ದೇ. ಹೆಸರು ಹಿಡಿದು ಕೂಗುವುದು, ಕಿವಿಗೊಡುವುದು, ಉತ್ತರ ಬಾರದಿದ್ದರೆ ಮುಂದೆ ಹೋಗಿ ಮತ್ತೆ ಕೂಗುವುದು. ಹಾಗೇ ಮಾಡಿದೆವು. ಎಡಕ್ಕೆ ಹೋಗಿ ಕೂಗಿದೆವು, ಬಲಕ್ಕೆ ಹೋಗಿ ಕೂಗಿದೆವು. ‘ರೇಣುಕಾ…’ ಎಂದರೆ ಗುಡ್ಡ ‘ಕಾ…’ ಅನ್ನುತ್ತಿತ್ತು. ಮೇಲೆಲ್ಲೋ ಕಾಣದ ಫ್ಯಾನು ವೂಂ, ವೂಂ ಎಂದು ಸುತ್ತುತ್ತಿತ್ತು. ಹುಡುಗಿಯ ‘ಓ’ ಮಾತ್ರ ಇಲ್ಲ. ಅವಳು ದೂರ ಹೋಗಿರಲು ಸಾಧ್ಯವೇ ಇರಲಿಲ್ಲ, ಕೂಗು ಮುಟ್ಟುವ ಅಂತರದಲ್ಲೇ ಇರಬೇಕು. ಕೂಗು ಮುಟ್ಟುವ ಅಂತರದಲ್ಲಿದ್ದೂ ಓ ಅನ್ನದವರು ಎಲ್ಲಿರುತ್ತಾರೆ? ಹನಮಪ್ಪ ಹೆಗಲ ಮೇಲಿನ ಹಗ್ಗವನ್ನು ಸುಮ್ಮನೆ ಮುಟ್ಟಿ ನೋಡಿಕೊಂಡ.

ಆಗ ಶಮೀಮ ಅಳು ನುಂಗಿಕೊಂಡು ಒಂದು ಮಾತು ಹೇಳಿದಳು.

‘ಚಾಚಾ, ನೀವು ಹಿಂಗ ಕರದ್ರ ಆಕಿ ಓ ಅನ್ನಂಗಿಲ್ರಿ. ಹಾಸ್ಟೆಲ್‌ನ್ಯಾಗ ಊಟಕ್ಕ ಕರದ್ರೂ ಅನ್ನಂಗಿಲ್ಲ. ಮೂರು ಸಲ ಕರೀಬೇಕು.’

‘ಯಾಕವ್ವಾ?’

‘ಆಕಿ ಅಜ್ಜಿ ಹೇಳ್ಯಾಳಂತ್ರಿ. ದೆವ್ವ ಒಮ್ಮೆ ಕರೀತೈತಿ, ಭಾಳಂದ್ರ ಎರಡು ಸಲ. ಓ ಅಂದ್ರ ಬೆನ್ನು ಹತ್ತತೈತಿ. ಮೂರು ಸಲ ಕರಿಯಾಂವ ಮನುಷ್ಯಾನ ಅಂತ. ನಾವೆಲ್ಲಾ ಎಷ್ಟು ಚಾಷ್ಟಿ ಮಾಡಿ ನಕ್ರೂ ಆಕಿ ಬಿಟ್ಟಿಲ್ರಿ.’

‘ನಾಳೆ ನರ್ಸ್ ಆಗಾಕಿ, ದೆವ್ವಕ್ಕ ಹೆದರ್ತಾಳ?’ ಎಂದರು ಸಾಹೇಬರು. ನಗಲು ನೋಡಿದರು, ನಗು ಬರಲಿಲ್ಲ.

ನಾನು ಹಣೆ ಬಡಿದುಕೊಂಡೆ. ಇದು ನಮ್ಮ ಸೀಮೆಯ ಯಾವ ಮನೆಯಲ್ಲಿ ಇಲ್ಲ? ಮೂರುಸಂಜೆಗೆ ಹೊರಗಿನಿಂದ ಯಾರಾದರೂ ಕರೆದರೆ ನಮ್ಮಮ್ಮನೂ ನನ್ನ ಬಾಯಿ ಮುಚ್ಚುತ್ತಿದ್ದಳು. ಹಿಂದೂ, ಮುಸಲ್ಮಾನ ಅನ್ನದೆ ಎಲ್ಲ ತಾಯಂದಿರೂ ಕಲಿಸಿದ ಪಾಠ ಅದು. ಖಾಕಿ ಹಾಕಿಕೊಂಡ ಮೇಲೆ ಮರೆತಿದ್ದೆವು. ಆ ಹುಡುಗಿಯ ಕಡೆಯಿಂದ ಯೋಚಿಸಿ ನೋಡಿ. ಸುತ್ತ ಬಿಳಿ. ಎಡಗಡೆಯಿಂದ ಒಮ್ಮೆ ತನ್ನ ಹೆಸರು, ಸುಮ್ಮನಾಯಿತು. ಬಲಗಡೆಯಿಂದ ಒಮ್ಮೆ, ಬೇರೆ ದನಿಯಲ್ಲಿ. ಹಿಂದಿನಿಂದ ಒಮ್ಮೆ. ಒಂದು ಕಡೆಯಿಂದಲೂ ಎರಡನೆಯ ಸಲ ಇಲ್ಲ. ಅಜ್ಜಿ ಹೇಳಿದ ದೆವ್ವ ಹೇಗಿರುತ್ತದೋ ಹಾಗೇ ನಾವು ಮೂವರೂ ಅವಳ ಸುತ್ತ ಸುತ್ತಿದ್ದೆವು.

ಹತ್ತಿರದಲ್ಲಿ ಹಳೆಯ ಗಣಿಯ ಸುರಂಗದ ಬಾಯಿ ಇತ್ತು, ಅದರ ಮುಂದೆ ಬಯಲು ಜಾಗ. ಅಲ್ಲಿಂದಲೇ, ಕದಲದೆ ಕರೆಯುವುದೆಂದು ಮಾಡಿದೆವು. ಕರೆಯಲು ಸಾಹೇಬರನ್ನು ನಿಲ್ಲಿಸಿದೆ. ಅವರು ಕಚೇರಿಯಲ್ಲಿ ಬೈದರೆ ರಸ್ತೆಗೆ ಕೇಳುತ್ತಿತ್ತು.

‘ರೇಣುಕಾ!’

ಕಾದೆವು. ಫ್ಯಾನು ಸುತ್ತಿತು.

‘ರೇಣುಕಾ!’

ಶಮೀಮ ನನ್ನ ತೋಳು ಹಿಡಿದುಕೊಂಡಿದ್ದಳು. ಉಗುರು ನಾಟುತ್ತಿತ್ತು.

‘ರೇಣುಕಾ!’

ಸಾಹೇಬರು ಉಸಿರೆಳೆದುಕೊಂಡು ಮುಂದಿನ ಮಾತಿಗೆ ಬಾಯಿ ತೆರೆದರು. ಅದು ಏನೆಂದು ನನಗೆ ಗೊತ್ತಿತ್ತು. ಕಳೆದುಹೋದವರನ್ನು ಕಂಡರೆ, ಕಾಣದಿದ್ದರೂ, ಎಲ್ಲರ ಬಾಯಲ್ಲೂ ಬರುವುದು ಅದೇ. ನಾನು ಹಿಂದೆಮುಂದೆ ನೋಡದೆ ಮೇಲಧಿಕಾರಿಯ ಬಾಯಿಗೆ ಅಂಗೈ ಒತ್ತಿದೆ.

‘ಬಾ ಅನಬ್ಯಾಡ್ರಿ ಸಾಹೇಬ್ರ! ಕುಂಡ್ರು ಅನ್ರಿ. ಅಲ್ಲೇ ಕುಂಡ್ರು ಅನ್ರಿ.’

ಮೋಡದಲ್ಲಿ ದನಿಯ ದಿಕ್ಕನ್ನು ನಂಬಬಾರದು. ಎಡಗಡೆ ಕರೆದದ್ದು ಬಲಗಡೆ ಕೇಳಿಸುತ್ತದೆ. ಮೂರು ಸಲ ಕರೆದವನು ಮನುಷ್ಯನೇ ಎಂದು ಗಟ್ಟಿಯಾದ ಮೇಲೆ, ‘ಬಾ’ ಅಂದರೆ ಅವಳು ಓಡಿಯೇ ಬರುತ್ತಾಳೆ. ಯಾವ ಕಡೆಗೆ ಓಡುತ್ತಾಳೆ ಎಂದು ಬಲ್ಲವರು ಯಾರು? ಸಾಹೇಬರು ನನ್ನ ಕೈ ಸರಿಸಿದರು, ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ಎದೆ ತುಂಬಿ ಕೂಗಿದರು:

‘ಅಲ್ಲೇ ಕುಂಡ್ರವ್ವಾ! ಏಳಬ್ಯಾಡ! ನಾವ ಬರ್ತೀವಿ!’

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ, ತೆಳ್ಳಗೆ, ‘ಓ…’ ಎಂದು ಕೇಳಿತು.

ನಾನು ಮೇಲೆ ಕೈ ತೋರಿಸಿದೆ, ಹನಮಪ್ಪ ಬಲಕ್ಕೆ ತೋರಿಸಿದ, ಸಾಹೇಬರು ಸುರಂಗದ ಕಡೆಗೆ ತೋರಿಸಿದರು! ಮೂವರ ಕಿವಿಗೆ ಮೂರು ದಿಕ್ಕು. ‘ಕಲ್ಲಿಗೆ ಕಲ್ಲು ಕುಟ್ಟು ಅನ್ರಿ’ ಎಂದೆ. ಉದ್ದ ಎಳೆದ ಕೂಗಿಗಿಂತ ಟಕ್ ಟಕ್ ಎಂಬ ಚುಟುಕು ಸದ್ದಿನ ದಿಕ್ಕನ್ನು ಕಿವಿ ಬೇಗ ಹಿಡಿಯುತ್ತದೆ. ಸಾಹೇಬರು ಕೂಗಿ ಹೇಳಿದರು. ಟಕ್, ಟಕ್, ಟಕ್. ಮೇಲಿನಿಂದಲೇ ಬಂತು. ಸಾಹೇಬರು ಅಲ್ಲೇ ನಿಂತು, ಏಳಬೇಡ ಎಂದು ಆಗಾಗ ಕೂಗುತ್ತಿರಬೇಕು. ಹುಡುಗಿ ಕೈಗೆ ಸಿಕ್ಕ ಕೂಡಲೇ ನಾನು ಸೀಟಿ ಊದುತ್ತೇನೆ, ಆಗ ನಿಲ್ಲಿಸಬೇಕು. ಹೀಗೆ ಮಾತಾಡಿಕೊಂಡು ನಾನು, ಹನಮಪ್ಪ, ಶಮೀಮ ಹತ್ತಿದೆವು. ನಾನು ಮುಂದೆ ಬಡಿಗೆಯಿಂದ ನೆಲ ಕುಟ್ಟುತ್ತ ಹೋದೆ. ಬಡಿಗೆ ನಿಂತಲ್ಲಿ ಕಾಲಿಟ್ಟೆ, ಕಣ್ಣನ್ನು ನಂಬಲಿಲ್ಲ.

ಟಕ್ ಟಕ್ ಹತ್ತಿರವಾದಂತೆ ನಾನು ಮಾತಾಡತೊಡಗಿದೆ. ಹಿಂದಿನಿಂದ ಒಮ್ಮೆಲೇ ಹೋಗಿ ಮುಟ್ಟಿದರೆ ಬೆದರಿ ಏಳುತ್ತಾಳೆ. ‘ನಾನವ್ವಾ, ರಾಜೇಸಾಬ ಕಾಕಾ. ಶಮೀಮ ಅದಾಳ ನನ್ನ ಜೋಡಿ. ತಿರುಗಬ್ಯಾಡ, ಹಂಗ ಕುಂಡ್ರು.’ ಮೊದಲು ಅವಳ ಹಳದಿ ದುಪಟ್ಟಾ ಕಂಡಿತು, ಆಮೇಲೆ ಬೆನ್ನು. ನಮಗೆ ಬೆನ್ನು ಹಾಕಿ, ಹೊಲದ ಬದುವಿನ ಮೇಲೆ ಕುಳಿತವಳಂತೆ ಕಾಲು ಇಳಿಬಿಟ್ಟು ಕುಳಿತಿದ್ದಳು. ಕಾಲು ಮೆಲ್ಲಗೆ ಅಲ್ಲಾಡಿಸುತ್ತಿದ್ದಳು. ನನ್ನ ಬಡಿಗೆ ಅವಳ ಮಗ್ಗುಲಲ್ಲಿ ಹುಲ್ಲಿನ ಮೇಲೆ ಇಳಿಯಿತು. ಇಳಿದದ್ದು ಎಲ್ಲೂ ತಾಗಲಿಲ್ಲ.

ಶಮೀಮ ಓಡಲು ಹೋದಳು, ಹನಮಪ್ಪ ಗಟ್ಟಿಯಾಗಿ ಹಿಡಿದುಕೊಂಡ. ನಾನು ಹೊಟ್ಟೆಯ ಮೇಲೆ ಮಲಗಿ ತೆವಳಿದೆ.

‘ತಂಗಿ, ಈಗ ಹಿಂದಕ ಮಲಕೋ. ಏಳಬ್ಯಾಡ. ಹಾಸಿಗಿ ಮ್ಯಾಲೆ ಮಲಗಿದಂಗ ಮಲಕೋ.’

ಅವಳು ಮಲಗಿದಳು. ಎರಡೂ ಕಂಕುಳಿಗೆ ಕೈ ಹಾಕಿ ಹಿಂದಕ್ಕೆ ಎಳೆದುಕೊಂಡೆ. ಸೀಟಿ ಊದುವಷ್ಟು ಉಸಿರು ನನಗೆ ಉಳಿದಿರಲಿಲ್ಲ. ಹನಮಪ್ಪ ಊದಿದ. ಗೆಳತಿಯರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು, ನಾನೂ ಅತ್ತೆ. ಆಮೇಲೆ ಅವಳೇ ಹೇಳಿದಳು:

‘ಕಾಕಾ, ನೀವು ಹಿಂದಿಂದ ಹೆಂಗ ಬಂದ್ರಿ? ಮೂರು ಸಲ ಕರದದ್ದು ಮುಂದಿಂದ ಅಲ್ಲೇನ್ರಿ? ಭಾಳ ಹತ್ರ ಇತ್ತು ದನಿ. ನಾಕ ಹೆಜ್ಜಿ ಹಾಕಿದ್ರ ಸಿಗ್ತಾರ ಅಂತ ಎದ್ದು ನಿಂತಿದ್ದೆ. ಅಷ್ಟರಾಗ ಕುಂಡ್ರು ಅಂದ್ರಿ.’

ಅವಳು ಬೆರಳು ಮಾಡಿ ತೋರಿಸಿದ್ದು ಹೊಂಡದ ಕಡೆಗೆ. ಮೋಡ ಒಂದು ಕಡೆ ಹರಿದು ಹೊಂಡದ ಬಾಯಿ ಕಂಡಿತು. ಅಷ್ಟೊತ್ತು ತಾನು ಎಲ್ಲಿ ಕಾಲು ಆಡಿಸುತ್ತಿದ್ದೆ ಎಂದು ಅವಳು ಆಗ ನೋಡಿದಳು.

ನನಗೆ ಆಗ ಹೊಳೆಯಿತು. ಕೆಳಗಿನ ಸುರಂಗ ಒಳಗೊಳಗೇ ಈ ಹೊಂಡಕ್ಕೆ ಕೂಡುತ್ತದೆ. ಸಾಹೇಬರು ಸುರಂಗದ ಬಾಯಲ್ಲಿ ನಿಂತು ಕರೆದ ದನಿ ಒಳಗೆ ಹೊಕ್ಕು ಇಲ್ಲಿ ಎದ್ದಿದೆ. ಅಂದರೆ ಮೂರು ಸಲವೂ ಅವಳನ್ನು ಕರೆದದ್ದು ಈ ಹೊಂಡವೇ. ಮನುಷ್ಯರ ದನಿಯಲ್ಲಿ, ಮನುಷ್ಯರ ಲೆಕ್ಕದಲ್ಲಿ ಕರೆದಿತ್ತು. ಅಜ್ಜಿಯ ಪಾಠ ಅಲ್ಲಿಯವರೆಗೆ ಅವಳನ್ನು ಕಾಯ್ದಿತ್ತು. ಆ ಮೂರನೆಯ ಕರೆಯ ಮೇಲೆ ಒಂದು ‘ಬಾ’ ಬಿದ್ದಿದ್ದರೆ ಅದೇ ಪಾಠ ಅವಳನ್ನು ಒಳಗೆ ತಳ್ಳುತ್ತಿತ್ತು. ಹೊಸ ಹುಡುಗರೇ, ಮಿಕ್ಕಿದ್ದೆಲ್ಲ ಮರೆತರೂ ಚಿಂತೆಯಿಲ್ಲ. ನಿಂತಲ್ಲೇ ನಿಂತು ಮೂರು ಸಲ ಕರೆಯಿರಿ, ಕುಳಿತುಕೊಳ್ಳಲು ಹೇಳಿ, ನೀವು ಹೋಗಿ.

ನಾಲ್ವರೂ ಹಗ್ಗ ಹಿಡಿದು ಇಳಿದೆವು. ಸಾಹೇಬರು ನಾವು ಬಿಟ್ಟುಹೋದ ಜಾಗದಲ್ಲಿ ಇರಲಿಲ್ಲ. ಸುರಂಗದ ಬಾಯಿಯಿಂದ ದೂರ, ಒಂದು ಬಂಡೆಗೆ ಬೆನ್ನು ಆನಿಸಿ ನಿಂತಿದ್ದರು. ಹುಡುಗಿಯನ್ನು ನೋಡಿ ಅವಳ ತಲೆ ಮುಟ್ಟಿದರು.

‘ರಾಜೇಸಾಬ, ಸೀಟಿ ಊದಿದ ಮ್ಯಾಲೆ ನನ್ನ ಕರದವರು ಯಾರು?’

‘ಯಾರೂ ಕರದಿಲ್ರಿ ಸಾಹೇಬ್ರ.’

‘ಸುರಂಗದಾಗಿಂದ ಬಂತು. ವಸಂತಾ ಅಂತ.’

ಕಚೇರಿಯ ಫಲಕದ ಮೇಲೆ ಅವರ ಹೆಸರಿನದು ಒಂದೇ ಅಕ್ಷರ ಇತ್ತು, ಪಕ್ಕದಲ್ಲಿ ದೇಸಾಯಿ. ಪೂರ್ತಿ ಹೆಸರನ್ನು ನಾನು ಕೇಳಿದ್ದೇ ಆಗ. ಹನಮಪ್ಪನಿಗೆ ಗೊತ್ತಿರಲಿಲ್ಲ. ಹುಡುಗಿಯರಿಗೆ ಗೊತ್ತಾಗುವ ಮಾತೇ ಇಲ್ಲ. ಗೊತ್ತಿದ್ದರೂ ಸಾಹೇಬರನ್ನು ಹೆಸರು ಹಿಡಿದು ಕರೆಯುವ ಗಂಡೆದೆ ನಮ್ಮಲ್ಲಿ ಯಾರಿಗಿತ್ತು? ಹೊಂಡದ ದನಿಗೆ ನಾನು ಕಾರಣ ಹೇಳಬಲ್ಲೆ, ಬಾಗುವ ಬಂಡೆಗೂ ಹೇಳಬಲ್ಲೆ. ಇದಕ್ಕಲ್ಲ.

‘ಎಷ್ಟು ಸಲ ಕರೀತ್ರಿ, ಸರ್?’ ಎಂದು ಕೇಳಿದಳು ರೇಣುಕಾ.

‘ಒಂದ ಸಲ.’

‘ನೀವು ಓ ಅಂದ್ರೇನ್ರಿ?’

ಸಾಹೇಬರು ನಗುತ್ತಾರೆ ಎಂದು ಕಾದೆವು. ಅವರು ನೆಲ ನೋಡುತ್ತ, ‘ಅಂದೆ’ ಎಂದರು.

ಸಾವಿನ ಬಾಯಿಂದ ಆಗತಾನೇ ಎದ್ದು ಬಂದ ಹುಡುಗಿ, ಮುಳ್ಳು ಹೊಕ್ಕ ಕಾಲು ಎಳೆಯುತ್ತ ಹೋಗಿ ಸಾಹೇಬರ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ‘ಹಿಂದ ತಿರುಗಬ್ಯಾಡ್ರಿ ಸರ್, ನನ್ನ ಜೋಡಿ ಬರ್ರಿ’ ಎಂದಳು. ಇಡೀ ಇಳಿಜಾರು ಹಾಗೇ ಇಳಿದರು, ಅವಳು ಮುಂದೆ, ಅವರು ಹಿಂದೆ. ಕೆಳಗೆ ಬಿಸಿಲಿತ್ತು, ಜೀಪಿನ ಹತ್ತಿರ ಎಲ್ಲರೂ ನೋಡುತ್ತಿದ್ದರು. ಸಾಹೇಬರು ಕೈ ಬಿಡಿಸಿಕೊಳ್ಳಲಿಲ್ಲ.